ತೈಲಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ ಯಾವುದು? ಹಳೆಯ ಫೋರ್ ವೀಲ್ ಜೀಪಿನ ಗೇರ್ ಎಣ್ಣೆ. ಅಧಿಕಾರಿ ಯಾರು? ಸೆಕೆಂಡ್ ಗೇರಿಗೆ ಹಾಕುವಾಗ ಕೇಳುವ ಕರಕರ ಸದ್ದಿಗೆ ತಾನೇ ಹಲ್ಲು ಕಚ್ಚಿಕೊಳ್ಳುವವನು. ಪ್ರಯೋಜನವೇನು? ಗೇರ್ ಬಾಕ್ಸ್ ಇಳಿಸುವ ಖರ್ಚಿನಿಂದ ಬಿಡುಗಡೆ. ಸಂಬಂಧ? ಜೀಪಿಗೂ ಯಜಮಾನನಿಗೂ ಇರುವುದು ಋಣಾನುಬಂಧ. ಇದನ್ನು ಮನೆಯವರ ಮುಂದೆ ವಿಸ್ತರಿಸಬಾರದು.

ಪೂರ್ವಪಕ್ಷ: ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ "ಹಳೇ ಗಾಡಿಗೆ ದಪ್ಪ ಎಣ್ಣೆ, ತೊಂಬತ್ತು ಸಾಲದಿದ್ದರೆ ನೂರಾನಲವತ್ತು" ಎನ್ನುವ ಒಂದು ಸ್ಥೂಲವಾದಿ ಪಂಥವುಂಟು. ಇವರ ದೃಷ್ಟಿಯಲ್ಲಿ ಆದರ್ಶ ಗೇರ್ ಎಣ್ಣೆಯೆಂದರೆ ಜೋನಿಬೆಲ್ಲ.

ಇದಕ್ಕೆ ಸಮಾಧಾನ: ಎಂಜಿನ್ ಎಣ್ಣೆಯ ಅಂಕಿಯನ್ನೂ ಗೇರ್ ಎಣ್ಣೆಯ ಅಂಕಿಯನ್ನೂ ಅಳೆಯುವ ಕೋಲುಗಳೇ ಬೇರೆ. ಗೇರಿನ 90 ಎಂದರೆ ಹೆಚ್ಚುಕಡಿಮೆ ಎಂಜಿನ್ನಿನ 40-50ರಷ್ಟೇ ದಪ್ಪ. ಸೇರನ್ನೂ ಮೊಳವನ್ನೂ ಕೂಡಿಸಿ ಲೆಕ್ಕ ಹೇಳುವುದು ತರ್ಕದೋಷ. ಗೇರ್ ಬಾಕ್ಸಿಗೆ 140 ಸುರಿದರೆ ಸದ್ದು ಕೊಂಚ ಅಡಗುವುದು ನಿಜ. ಆದರೆ ಪುಷ್ಯಮಾಸದ ಮುಂಜಾನೆ ಗೇರ್ ಲಿವರ್ ಮೌನವ್ರತ ಹಿಡಿಯುತ್ತದೆ, ಎಣ್ಣೆ ಬಿಸಿಯಾಗುವವರೆಗೂ ವ್ರತಭಂಗವಿಲ್ಲ. ಇನ್ನು 80ಡಬ್ಲ್ಯೂ-90 ಎಂಬಲ್ಲಿನ ಡಬ್ಲ್ಯೂ ಚಳಿಗಾಲವನ್ನು ಸೂಚಿಸುವ ಬೀಜಾಕ್ಷರ. 80ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಮೈನಸ್ 26 ಡಿಗ್ರಿಯಲ್ಲಿ. ಮೂಡಿಗೆರೆಯಲ್ಲಿ ಅಂಥ ಚಳಿ ಬಿದ್ದ ದಿನ ಕಾಫಿ ಗಿಡವೇ ಇರುವುದಿಲ್ಲ, ಜೀಪು ಕಟ್ಟಿಕೊಂಡು ಏನು ಮಾಡುವುದು? ಆದರೂ ಗೇರ್ ಬಾಕ್ಸಿಗೆ ಇದೇ ಸಾಕು. ಸವೆದ ಆಕ್ಸಲ್ಲಿಗೆ, ಬಿಸಿಲುಸೀಮೆಯಲ್ಲಿ, 85ಡಬ್ಲ್ಯೂ-140 ಕೊಟ್ಟರೆ ಪ್ರಾಯಶ್ಚಿತ್ತವೇನೂ ಬೇಕಿಲ್ಲ.

ಈಗ ಮತತ್ರಯ. ಎಲ್ಲ ಹೌಸಿಂಗಿಗೂ ಒಂದೇ ಎಣ್ಣೆ ಎನ್ನುವವರು ಅದ್ವೈತಿಗಳು. ಇವರ ಡಬ್ಬ ಒಂದು, ಕೊಳವೆ ಒಂದು, ಚಿಂತೆ ಶೂನ್ಯ. ಎಷ್ಟೋ ಹಳೆಯ ಜೀಪುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆ ತಾನಾಗಿ ಟ್ರಾನ್ಸ್‌ಫರ್ ಕೇಸಿಗೆ ಜಾರಿ ಐಕ್ಯವಾಗುವುದರಿಂದ, ಆ ಎರಡರ ಮಟ್ಟಿಗೆ ಇವರ ಮಾತು ತಳ್ಳುವಂತಿಲ್ಲ.

ಆದರೆ ಆಕ್ಸಲ್ಲಿಗೆ ಬಂದರೆ, ಅದಕ್ಕೆ ಬೇರೆ ಎಣ್ಣೆಯೇ ಬೇಕೆನ್ನುವ ದ್ವೈತಿಗಳದೇ ಮೇಲುಗೈ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಇರುವುದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರದ ನಡುಮಟ್ಟಕ್ಕಲ್ಲ, ಅದಕ್ಕಿಂತ ತುಸು ಕೆಳಗೆ. ಹೀಗಾಗಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಆಗ ಎಣ್ಣೆಯೊಳಗಿನ ಗಂಧಕ, ರಂಜಕಗಳು ಬಿಸಿ ಉಕ್ಕಿನ ಜೊತೆ ಸೇರಿ ತೆಳುವಾದ ಕವಚ ಕಟ್ಟುತ್ತವೆ. ಹಲ್ಲಿನ ಬದಲು ಆ ಕವಚ ಸವೆಯುತ್ತದೆ. ಇದು ಜಿಎಲ್-5 ಎಂಬ ದರ್ಜೆಯ ಎಣ್ಣೆಯ ಧರ್ಮ. (ಡಬ್ಬದ ಮುಚ್ಚಳ ತೆಗೆದೊಡನೆ ಮೂಗು ಮುಚ್ಚಿಸುವ ನಾತ ಈ ಗಂಧಕದ್ದೇ.) ಗೇರ್ ಬಾಕ್ಸಿನಲ್ಲಿ ಇರುವುದು ಹಿತ್ತಾಳೆಯ ಸಿಂಕ್ರೊ ಉಂಗುರ. ಅದರ ಕಸುಬೇ ಉಜ್ಜಿ ಹಿಡಿದು ಗೇರಿನ ಓಟ ತಗ್ಗಿಸುವುದು. ಜಿಎಲ್-5 ಹಾಕಿದರೆ ಹಿಡಿತ ಜಾರುತ್ತದೆ, ಮೇಲಾಗಿ ಉಕ್ಕನ್ನು ಕಾಯುವ ಗಂಧಕ ಹಿತ್ತಾಳೆಯನ್ನು ತಿನ್ನತೊಡಗುತ್ತದೆ. ಅಲ್ಲಿಗೆ ಬೇಕಾದದ್ದು ಆ ಮದ್ದು ಸುಮಾರು ಅರ್ಧದಷ್ಟೇ ಇರುವ ಜಿಎಲ್-4. ಐದು ನಾಲ್ಕಕ್ಕಿಂತ ದೊಡ್ಡದಾದ್ದರಿಂದ ಜಿಎಲ್-5 ಮೇಲೆಂಬುದು ಬಾಲಬೋಧೆ. ಉಕ್ಕಿಗೂ ಹಿತ್ತಾಳೆಗೂ ಇರುವ ಭೇದ ಸತ್ಯ, ನಿತ್ಯ, ದುಬಾರಿ.

ಒಂದೇ ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎರಡನ್ನೂ ಅಚ್ಚು ಹಾಕಿ ಮಾರುವವರು ವಿಶಿಷ್ಟಾದ್ವೈತಿಗಳು. ಹಿತ್ತಾಳೆಯನ್ನು ಕಾಯುವ ಮದ್ದನ್ನೂ ಬೆರೆಸಿದ ಎಣ್ಣೆಗಳಿವೆ, ಇಲ್ಲವೆನ್ನಲಾರೆ. ಆದರೂ ಮುದಿ ಉಂಗುರದ ಮೇಲೆ ಸಮನ್ವಯದ ಪ್ರಯೋಗ ಮಾಡಲು ನನಗೆ ಧೈರ್ಯ ಸಾಲದು.

ಪುರಾಣಭಾಗವೊಂದನ್ನು ಬಿಡಲಾಗದು. 1970ರ ದಶಕದ ಆರಂಭದಲ್ಲಿ ಅಮೆರಿಕ ನಿಷೇಧಿಸುವವರೆಗೆ ಅಲ್ಲಿನ ಗೇರ್ ಎಣ್ಣೆಗಳಲ್ಲಿ ತಿಮಿಂಗಿಲದ ಎಣ್ಣೆ ಬೆರೆಯುತ್ತಿತ್ತು. ಕ್ರೌನ್-ಪಿನಿಯನ್ನುಗಳನ್ನು ಉದ್ಧರಿಸಿದ್ದು ಮತ್ಸ್ಯಾವತಾರವೇ ಎಂದಾಯಿತು. ತಿಮಿಂಗಿಲ ಮೀನಲ್ಲವೆಂದು ಬಲ್ಲವರು ಆಕ್ಷೇಪಿಸಬಹುದು; ಹಲ್ಲುಚಕ್ರಕ್ಕೆ ಆ ಭೇದವಿಲ್ಲ.

ಇನ್ನು ಪ್ರಮಾಣಗಳು. ಇಳಿಸಿದ ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಹೊಕ್ಕಿದೆಯೆಂಬುದು ಪ್ರತ್ಯಕ್ಷ. ಬಿಸಿ ಆಕ್ಸಲ್ ಹಳ್ಳಕ್ಕಿಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನಿಂದ ನೀರು ಹೀರುತ್ತದೆ. ಗೇರ್ ಬಾಕ್ಸಿನ ಎಣ್ಣೆಯಲ್ಲಿ ಹೊಂಬಣ್ಣದ ಮಿನುಗು ಕಂಡರೆ ಲಕ್ಷ್ಮೀಕಟಾಕ್ಷವೆಂದು ಭ್ರಮಿಸಬಾರದು, ಅದು ಸಿಂಕ್ರೊ ಉಂಗುರದ ಚಿತಾಭಸ್ಮ. ಆದರೆ ಈ ಶಾಸ್ತ್ರದಲ್ಲಿ ಎಲ್ಲಕ್ಕೂ ಮಿಗಿಲಾದದ್ದು ಶಬ್ದಪ್ರಮಾಣ: ಕೊರಗು ಟಾಪ್ ಗೇರಿನಲ್ಲಿ ಮಾಯವಾದರೆ ಗೇರ್ ಬಾಕ್ಸಿನದು, ಯಾವ ಗೇರಿನಲ್ಲೂ ಬಿಡದೆ ಊಳಿಟ್ಟರೆ ಕ್ರೌನ್-ಪಿನಿಯನ್ನಿನದು.

ಉಳಿದದ್ದು ಪ್ರಯೋಗಕಾಂಡ. ಗಾಡಿ ಓಡಿಸಿ ಬಿಸಿ ಮಾಡಿ, ಕೆಳಗಿನ ಬಿರಡೆ ಬಿಚ್ಚಿ, ಹಳೆಯ ಎಣ್ಣೆಯಷ್ಟನ್ನೂ ಬಾಣಲೆಗೆ ಇಳಿಸಿದೆ. ಹೊಸದನ್ನು ತುಂಬಬೇಕಾದ ಮೇಲಿನ ಬಿರಡೆ ಮಾತ್ರ ತುಕ್ಕು ಹಿಡಿದು ಕೂತಿತ್ತು. ಪಾನಾ ಜಾರಿ ಜಾರಿ ಅದರ ಮೂಲೆಗಳೆಲ್ಲ ಉರುಟಾದವು. ಮೇಸ್ತ್ರಿ ಬಂದು ಬಗ್ಗಿ ನೋಡಿ, "ಮೇಲಿಂದು ಮೊದ್ಲು ಬಿಚ್ಬೇಕಿತ್ತು ಸಾರ್" ಎಂದ. ಗ್ಯಾಸಿನಿಂದ ಕಾಯಿಸಿ ಬಿಚ್ಚುವವನು ಗುರುವಾರ ಬರುತ್ತಾನಂತೆ. ಜೀಪು ಕಲ್ಲುಗಳ ಮೇಲೆ ನಿಂತಿದೆ. ಈ ಗ್ರಂಥ ಬರೆಯಲು ಬಿಡುವಾದದ್ದು ಹಾಗೆ.