ಒಂದು ಲೈಟೂ ಇಲ್ಲ ಸಾರ್, ಕ್ಲೀನ್ ಗಾಡಿ!

ಕೆಂಗೇರಿ ಉಪನಗರದಲ್ಲಿ ಮಾರಾಟಕ್ಕೆ ನಿಂತ ಸೆಕೆಂಡ್ ಹ್ಯಾಂಡ್ ಕಾರುಗಳ ಮಾಲೀಕರೆಲ್ಲ ಒಂದೋ ಡಾಕ್ಟರು, ಇಲ್ಲವೇ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು. ಅದೂ ಅಲ್ಲದಿದ್ದರೆ ‘ಮೇಡಂ ಒಬ್ರು ಸಾರ್, ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಮಾತ್ರ ತೆಗೀತಿದ್ರು.’ ಇಷ್ಟೊಂದು ಡಾಕ್ಟರುಗಳಿರುವ ಬಡಾವಣೆಯಲ್ಲಿ ರಾತ್ರಿ ಹತ್ತರ ಮೇಲೆ ಮಗುವಿಗೆ ಜ್ವರ ಬಂದರೆ ಒಬ್ಬರೂ ಸಿಗುವುದಿಲ್ಲ. ಎಲ್ಲರೂ ಕಾರು ಮಾರಲು ಹೋಗಿರುತ್ತಾರೋ ಏನೋ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದ ಮೇಲಂತೂ ಬ್ರೋಕರುಗಳ ಬಾಯಿಗೆ ಇನ್ನೊಂದು ಮಾತು ಸಿಕ್ಕಿದೆ: ‘ಓನರ್ ದಿನಾ ಮೆಟ್ರೋಲೇ ಹೋಗೋದು ಸಾರ್. ಗಾಡಿ ಮನೆ ಮುಂದೆ ಕವರ್ ಹಾಕ್ಕೊಂಡೇ ನಿಂತಿತ್ತು.’ ಎಂಟು ವರ್ಷದ ಗಾಡಿ, ಮೀಟರಿನಲ್ಲಿ ಮೂವತ್ತೆರಡು ಸಾವಿರ ಕಿಲೋಮೀಟರ್, ಕ್ಲಚ್ ಪೆಡಲ್ಲಿನ ರಬ್ಬರು ಮಾತ್ರ ಸವೆದು ನುಣ್ಣಗಾಗಿದೆ. ಕವರಿನೊಳಗೇ ಕೂತು ಯಾರೋ ಕ್ಲಚ್ ತುಳಿಯುತ್ತಿದ್ದರು ಅಂತ ಕಾಣುತ್ತೆ.

ಇನ್ನು ಕೊಳ್ಳಲು ಹೋಗುವ ನಮ್ಮ ಪಡೆ. ಕಾರಿನ ವಿಷಯ ಅರೆದು ಕುಡಿದಿರುವ ಭಾವಮೈದ ಬಾಗಿಲನ್ನು ನಾಲ್ಕು ಸಲ ಢಬ್ ಎಂದು ಹಾಕಿ, ‘ಸೌಂಡ್ ಸಾಲಿಡ್ಡಾಗಿದೆ ಭಾವ’ ಎಂದು ಪ್ರಮಾಣಪತ್ರ ಕೊಡುತ್ತಾನೆ. ಮಾವನವರು ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಎಂಟು ಬರಲಿಲ್ಲವೆಂದು ನಿಟ್ಟುಸಿರು ಬಿಡುತ್ತಾರೆ. ಮನೆಯವರು ಸೀಟ್ ಕವರ್ ಮುಟ್ಟಿ ನೋಡುತ್ತಾರೆ. ಆಮೇಲೆ ಬಾನೆಟ್ ಎತ್ತಿಸಿ, ಸಾವಿನ ಮನೆಯಲ್ಲಿ ಕೊನೇ ಸಲ ಮುಖ ನೋಡುವ ಹಾಗೆ ಎಲ್ಲರೂ ಒಂದು ನಿಮಿಷ ಮೌನವಾಗಿ ಇಂಜಿನ್ ನೋಡುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ. ತಿಳಿಯಲಿಲ್ಲ ಅಂತ ಯಾರೂ ಹೇಳುವುದೂ ಇಲ್ಲ.

ಈ ಗಲಾಟೆಯಲ್ಲಿ ಒಂದು ಸಂಗತಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಬ್ರೋಕರ್ ಗಾಡಿ ತಂದು ನಿಲ್ಲಿಸಿದಾಗಿನಿಂದ ಇಂಜಿನ್ ಆಫ್ ಮಾಡಿಯೇ ಇಲ್ಲ. ‘ಎಸಿ ಓಡ್ತಾ ಇರ್ಲಿ ಸಾರ್, ಮೇಡಂಗೆ ಸೆಕೆ ಆಗುತ್ತೆ’ ಅನ್ನುತ್ತಾನೆ. ಹೆಂಡತಿಯ ಸೆಕೆಯ ಬಗ್ಗೆ ಗಂಡನಿಗಿಂತ ಹೆಚ್ಚು ಕಾಳಜಿ ತೋರುವ ಈ ಪುಣ್ಯಾತ್ಮನ ಹೊಟ್ಟೆಯೊಳಗಿನ ಗುಟ್ಟು ಇಷ್ಟೇ: ಮೀಟರ್ ಬೋರ್ಡಿನ ದೀಪಗಳು ತಮ್ಮ ಹಾಜರಿ ಹೇಳುವುದು ಕೀ ತಿರುಗಿಸಿದ ಆ ಕೆಲವೇ ಸೆಕೆಂಡುಗಳಲ್ಲಿ. ಇಂಜಿನ್ ಓಡುತ್ತಿರುವಾಗ ಹಾಜರಿ ಕೂಗುವುದಿಲ್ಲ.

ಆದ್ದರಿಂದ ಮೊದಲು ಇಂಜಿನ್ ಆಫ್ ಮಾಡಿಸಿ, ಕೀ ಇಸಿದುಕೊಂಡು ನೀವೇ ಕೂತು ತಿರುಗಿಸಿ. ಸ್ಟಾರ್ಟ್ ಮಾಡಬೇಡಿ, ‘ಆನ್’ಗೆ ತಂದು ನಿಲ್ಲಿಸಿ. ಬಟನ್ ಗಾಡಿಯಾದರೆ ಬ್ರೇಕು, ಕ್ಲಚ್ಚು ಎರಡನ್ನೂ ತುಳಿಯದೆ ಬಟನ್ ಒತ್ತಿ. ಬಹಳಷ್ಟು ಗಾಡಿಗಳಲ್ಲಿ ಎರಡು ಸಲ ಒತ್ತಬೇಕು. ಚೆಕ್ ಇಂಜಿನ್, ಆಯಿಲ್, ಬ್ಯಾಟರಿ, ಎಬಿಎಸ್, ಏರ್‌ಬ್ಯಾಗ್ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳಬೇಕು. ಏರ್‌ಬ್ಯಾಗ್ ಮತ್ತು ಎಬಿಎಸ್ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಕೆಲವು ಸೆಕೆಂಡಿನಲ್ಲಿ ಆರುತ್ತವೆ. ಆಯಿಲ್, ಬ್ಯಾಟರಿ, ಸಾಮಾನ್ಯವಾಗಿ ಚೆಕ್ ಇಂಜಿನ್ ಕೂಡ, ಇಂಜಿನ್ ಸ್ಟಾರ್ಟ್ ಆಗುವ ತನಕ ಉರಿಯುತ್ತಲೇ ಇರುತ್ತವೆ. ಹೊತ್ತಿ ಆರದ ದೀಪ ಕಾಯಿಲೆಯ ಲಕ್ಷಣ, ಸರಿ. ಹೊತ್ತಿಕೊಳ್ಳದೇ ಇರುವ ದೀಪ? ಅದು ಕಾಯಿಲೆಯ ಜೊತೆಗೆ ಕಳ್ಳತನದ ಲಕ್ಷಣವೂ ಹೌದು. ನಮ್ಮ ಜನ ಹೊತ್ತಿದ ದೀಪ ಕಂಡರೆ ಬೆಚ್ಚುತ್ತಾರೆ, ಕತ್ತಲೆ ಕಂಡರೆ ಅಡ್ವಾನ್ಸ್ ಕೊಡುತ್ತಾರೆ.

ಕತ್ತಲೆ ಮಾಡುವುದಕ್ಕೂ ವಿದ್ಯೆ ಬೇಕು, ಅದರಲ್ಲೂ ದರ್ಜೆಗಳಿವೆ. ಒಂದನೇ ಕ್ಲಾಸಿನವನು ಮೀಟರ್ ಬಿಚ್ಚಿ ದೀಪದ ಮೇಲೆ ಕರಿ ಇನ್ಸುಲೇಷನ್ ಟೇಪ್ ಅಂಟಿಸುತ್ತಾನೆ. ಹತ್ತನೇ ಕ್ಲಾಸಿನವನು ಬಲ್ಬನ್ನೇ ಕೀಳುತ್ತಾನೆ. ಡಿಗ್ರಿ ಮುಗಿಸಿದವನು ಏರ್‌ಬ್ಯಾಗ್ ದೀಪದ ವೈರನ್ನು ತಂದು ಆಯಿಲ್ ದೀಪಕ್ಕೆ ಕಟ್ಟುತ್ತಾನೆ. ಕೀ ತಿರುಗಿಸಿದಾಗ ಎರಡೂ ಹೊತ್ತಿಕೊಳ್ಳುತ್ತವೆ, ಸ್ಟಾರ್ಟ್ ಮಾಡಿದಾಗ ಎರಡೂ ಆರುತ್ತವೆ, ನೋಡುವವನಿಗೆ ಪರಮಾನಂದ. ತಾನಾಗಿ ಮೊದಲೇ ಆರಬೇಕಿದ್ದ ಏರ್‌ಬ್ಯಾಗ್ ದೀಪ ಆಯಿಲ್ ದೀಪದ ಕೈಹಿಡಿದುಕೊಂಡೇ ಹೋಯಿತೆಂದರೆ ಅದು ಪ್ರೇಮವಿವಾಹವಲ್ಲ, ಬ್ರೋಕರ್ ಮಾಡಿಸಿದ ಮದುವೆ.

ಪಿಎಚ್‌ಡಿ ಮಾಡಿದವನ ಕೆಲಸ ಇನ್ನೂ ನಾಜೂಕು. ಡಿಕ್ಕಿಯಾಗಿ ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡರೆ ಬ್ಯಾಗು, ಅದರ ಕಂಟ್ರೋಲ್ ಯೂನಿಟ್ಟು, ಬೆಲ್ಟಿನ ಪ್ರಿಟೆನ್ಷನರ್ರು ಎಲ್ಲವನ್ನೂ ಬದಲಿಸಬೇಕು. ಗಾಡಿಯೇ ಹಳೆಯದಾಗಿದ್ದರೆ ಆ ಬಿಲ್ಲು ನೋಡಿ ಮಾಲೀಕ ಬಿಚ್ಚಿಕೊಳ್ಳುತ್ತಾನೆ. ಕಂಪ್ಯೂಟರಿಗೆ ಬೇಕಾದದ್ದು ಬ್ಯಾಗಲ್ಲ, ಆ ತಂತಿಯಲ್ಲಿ ಎರಡು ಮೂರು ಓಮ್‌ನಷ್ಟು ರೋಧ. ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ರೆಸಿಸ್ಟರ್ ಒಂದನ್ನು ಕನೆಕ್ಟರಿಗೆ ಸಿಕ್ಕಿಸಿದರೆ ಕಂಪ್ಯೂಟರ್ ‘ಬ್ಯಾಗ್ ಇದೆ’ ಎಂದು ನಂಬಿ ದೀಪ ಆರಿಸುತ್ತದೆ. ದೀಪ ಸರಿಯಾದ ಹೊತ್ತಿಗೇ ಹೊತ್ತುತ್ತದೆ, ಸರಿಯಾದ ಹೊತ್ತಿಗೇ ಆರುತ್ತದೆ, ಮುಂದೊಂದು ದಿನ ಸರಿಯಾದ ಹೊತ್ತಿಗೆ ನಿಮ್ಮ ಮುಖಕ್ಕೂ ಸ್ಟಿಯರಿಂಗಿಗೂ ನಡುವೆ ಒಂದು ರೆಸಿಸ್ಟರ್ ಮಾತ್ರ ಇರುತ್ತದೆ. ಇದನ್ನು ಯಾವ ದೀಪವೂ ಹೇಳುವುದಿಲ್ಲ. ಸ್ಟಿಯರಿಂಗ್ ನಡುವಿನ ಮುಚ್ಚಳದ ಬಣ್ಣ, ಡ್ಯಾಶ್‌ಬೋರ್ಡಿನ ಸೀಳು, ಬೆಲ್ಟಿನ ತಯಾರಿ ವರ್ಷದ ಚೀಟಿ, ವಿಮೆಯ ಕ್ಲೇಮ್ ಚರಿತ್ರೆ ಇವುಗಳನ್ನೇ ಕೇಳಬೇಕು.

ಏರ್‌ಬ್ಯಾಗ್ ದೀಪ ಬರಲೇ ಇಲ್ಲವಲ್ಲ ಎಂದು ಕೇಳಿ ನೋಡಿ. ‘ಈ ಮಾಡೆಲ್‌ಗೆ ಆ ಲೈಟೇ ಬರಲ್ಲ ಸಾರ್.’ ಇದು ಅರ್ಧ ಸತ್ಯವಾದ್ದರಿಂದಲೇ ಅಪಾಯಕಾರಿ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅದಕ್ಕೆ ಹಿಂದಿನ ಅಗ್ಗದ ಮಾಡೆಲ್ಲುಗಳಲ್ಲಿ ನಿಜಕ್ಕೂ ಇರಲಿಲ್ಲ. ಆದರೆ ಸ್ಟಿಯರಿಂಗ್ ಮೇಲೆ ‘ಏರ್‌ಬ್ಯಾಗ್’ ಎಂದು ದಪ್ಪಕ್ಷರದಲ್ಲಿ ಅಚ್ಚೊತ್ತಿರುವಾಗಲೂ ಅವನು ಅದೇ ಮಾತು ಹೇಳುತ್ತಾನೆ.

ಇನ್ನು ಹಳದಿ ಬಣ್ಣದ ಚೆಕ್ ಇಂಜಿನ್ ದೀಪ. ಅದನ್ನು ಮುಚ್ಚಿಡಲು ಟೇಪೂ ಬೇಡ, ಬ್ಯಾಟರಿಯ ವೈರು ಕಿತ್ತು ಹಾಕಿದರೂ ಬಹಳಷ್ಟು ಗಾಡಿಗಳಲ್ಲಿ ಸಾಕು, ಸ್ಕ್ಯಾನರಿನಲ್ಲಿ ದೋಷದ ಕೋಡ್ ಅಳಿಸಿದರೆ ಇನ್ನೂ ಚೊಕ್ಕ. ದೋಷ ಹಾಗೇ ಇರುತ್ತದೆ, ಕಂಪ್ಯೂಟರಿಗೆ ಮರೆವು ಬರುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ನೆನಪು ಮರಳುತ್ತದೆ. ಅಷ್ಟರಲ್ಲಿ ಆರ್‌ಸಿ ನಿಮ್ಮ ಹೆಸರಿಗೆ. ‘ಬ್ಯಾಟರಿ ಹೊಸದು ಹಾಕ್ಸಿದೀನಿ ಸಾರ್’ ಎಂದು ಅವನು ಹೆಮ್ಮೆಯಿಂದ ಹೇಳಿದಾಗ ಸಂತೋಷಪಡುವ ಮೊದಲು ಸ್ವಲ್ಪ ಯೋಚಿಸಿ. 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ದೋಷಗಳ ಲೆಕ್ಕ ಬರೆದಿಡುವ ಒಬಿಡಿ-2 ವ್ಯವಸ್ಥೆ ಇರಲೇಬೇಕು. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇದೆ. ಕೆಲವು ನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಅದಕ್ಕೆ ಚುಚ್ಚಿದರೆ ಮೊಬೈಲೇ ಜಾತಕ ಹೇಳುತ್ತದೆ. ನೋಡಬೇಕಾದದ್ದು ‘ಕೋಡ್ ಇಲ್ಲ’ ಎಂಬ ಸಾಲನ್ನಲ್ಲ, ‘ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್’ ಮತ್ತು ಕಂಪ್ಯೂಟರ್ ತನ್ನ ಸ್ವಪರೀಕ್ಷೆ ಮುಗಿಸಿದೆಯೇ ಎಂದು ಹೇಳುವ ‘ರೆಡಿನೆಸ್’ ಎಂಬ ಸಾಲುಗಳನ್ನು. ಡಾಕ್ಟರ್ ಎಂಟು ವರ್ಷ ಓಡಿಸಿದ ಗಾಡಿ ಅಳಿಸಿದ ಮೇಲೆ ಓಡಿರುವುದು 4 ಕಿಲೋಮೀಟರ್ ಎಂದು ಬಂದರೆ, ಅದು ಬ್ರೋಕರ್ ಶೆಡ್ಡಿನಿಂದ ನಿಮ್ಮ ಮನೆಗಿರುವ ದೂರ.

ಎಲ್ಲ ದೀಪವೂ ವಂಚನೆಯ ಸಾಕ್ಷಿ ಎಂದೇನಿಲ್ಲ, ನ್ಯಾಯವಾಗಿ ಹೇಳಬೇಕು. ಬಿಎಸ್-6 ಡೀಸೆಲ್ ಗಾಡಿಗಳ ಡಿಪಿಎಫ್ ಫಿಲ್ಟರ್ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮಸಿ ಕಟ್ಟಿ ದೀಪ ಹೊತ್ತಿಸಿಕೊಳ್ಳುತ್ತದೆ. ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿದರೆ ಮಸಿ ತಾನೇ ಉರಿದುಹೋಗುತ್ತದೆ. ಕೆಂಗೇರಿಯವರ ಪುಣ್ಯಕ್ಕೆ ಅದೇ ರಸ್ತೆಯಲ್ಲಿ ಬಿಡದಿ ಇದೆ. ತಟ್ಟೆ ಇಡ್ಲಿ ತಿಂದು ಬರುವಷ್ಟರಲ್ಲಿ ಮಾಲೀಕನ ಹೊಟ್ಟೆ ತುಂಬಿರುತ್ತದೆ, ಫಿಲ್ಟರ್ ಖಾಲಿಯಾಗಿರುತ್ತದೆ.

ಬಿಡದಿ ದಾಟಿ ರಾಮನಗರದ ಕಡೆ ಹೋದರೆ ಇನ್ನೊಂದು ಕತೆ. 2022ರ ಆಗಸ್ಟ್ ಕೊನೆಗೆ ಅಲ್ಲಿ ಕೆರೆ ನೀರು ಹೆದ್ದಾರಿಗೆ ನುಗ್ಗಿ ಕಾರು ಬಸ್ಸುಗಳು ಮುಳುಗಿ ನಿಂತವು. ವಾರದೊಳಗೆ ಬೆಂಗಳೂರಿನ ಪೂರ್ವಕ್ಕೆ, ಯಮಲೂರು, ರೇನ್‌ಬೋ ಡ್ರೈವ್‌ಗಳಲ್ಲಿ ಕೋಟ್ಯಧೀಶರ ಕಾರುಗಳೂ ನೀರು ಕುಡಿದವು. ನೀರು ಮನುಷ್ಯರಷ್ಟು ಭೇದಭಾವ ಮಾಡುವುದಿಲ್ಲ. ಮುಳುಗಿದ ಗಾಡಿಗಳೆಲ್ಲ ಗುಜರಿಗೇ ಹೋಗುವುದಿಲ್ಲ. ವಿಮೆಯವರು ಕೈಬಿಟ್ಟವು ಸಾಲ್ವೇಜ್ ಹರಾಜಿನಲ್ಲಿ ಕೈ ಬದಲಿಸಿ, ಶಾಂಪೂ ಸ್ನಾನ ಮಾಡಿ, ನಿಂಬೆಹಣ್ಣು ಕಟ್ಟಿಕೊಂಡು ಮತ್ತೆ ಬರುತ್ತವೆ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳು ಸೀಟಿನಡಿಯಲ್ಲೇ ಇರುವುದರಿಂದ ಇಂಥ ಗಾಡಿಗಳ ದೀಪಗಳು ಒಂದು ದಿನ ಹೊತ್ತುತ್ತವೆ, ಒಂದು ದಿನ ಸುಮ್ಮನಿರುತ್ತವೆ. ‘ಸೆನ್ಸರ್ ಪ್ರಾಬ್ಲಂ ಅಷ್ಟೇ ಸಾರ್.’ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕೆಸರಿನ ಗೆರೆ ಅಲ್ಲಿ ಇದ್ದರೆ ಆ ಸೆನ್ಸರಿಗೆ ಈಜು ಬರುತ್ತಿರಲಿಲ್ಲ.

ಬ್ರೋಕರನ್ನೇ ಬೈಯುತ್ತಾ ಕೂರುವುದೂ ಅನ್ಯಾಯ. ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯವಾಗುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದು 2015ರಲ್ಲಿ ಬಯಲಾಯಿತು, ಭಾರತದಲ್ಲೇ 3.23 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. ಅಷ್ಟು ಇಂಜಿನಿಯರುಗಳು ಮಾಡಿದ್ದನ್ನು ನಮ್ಮವನು ಹತ್ತು ರೂಪಾಯಿಯ ಕರಿ ಟೇಪಿನಲ್ಲಿ ಮಾಡುತ್ತಾನೆ. ಇದಕ್ಕಿಂತ ಆತ್ಮನಿರ್ಭರತೆ ಬೇಕೆ?

ಸರ್ಕಾರ? ಅದಕ್ಕೆ ಕಾಗದ ಬೇಕು, ದೀಪ ಬೇಡ. ಫಾರಂ 29, ಫಾರಂ 30, ವಿಮೆ, ಹೊಗೆ ತಪಾಸಣೆಯ ಚೀಟಿ ಇದ್ದರೆ ಜ್ಞಾನಭಾರತಿ ಆರ್‌ಟಿಒದಲ್ಲಿ ಹೆಸರು ಬದಲಾಗುತ್ತದೆ. ಹೊಗೆ ತಪಾಸಣೆಯವನು ಸೈಲೆನ್ಸರಿಗೆ ನಳಿಕೆ ಇಡುತ್ತಾನೆ, ಸ್ಟಿಯರಿಂಗ್ ಕಡೆ ತಲೆ ಹಾಕುವುದಿಲ್ಲ. 2023ರ ಏಪ್ರಿಲ್‌ನಿಂದ ಹಳೇ ಗಾಡಿಯ ಡೀಲರುಗಳು ಆರ್‌ಟಿಒ ಅನುಮತಿ ಪಡೆಯಬೇಕು, ಗಾಡಿ ಎಲ್ಲಿಗೆ ಹೋಯಿತು, ಯಾರು ಓಡಿಸಿದರು ಎಂದು ಬರೆದಿಡಬೇಕು ಎಂಬ ನಿಯಮವೇನೋ ಬಂದಿದೆ. ಆದರೆ ಮರದಡಿ ಮೊಬೈಲ್ ಹಿಡಿದು ನಿಂತವನು ಡೀಲರೇ ಅಲ್ಲವಲ್ಲ, ‘ನಮ್ ಫ್ರೆಂಡ್ ಗಾಡಿ ಸಾರ್.’ ಇನ್ನು 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಹೇಳುವ ಪ್ರಕಾರ, ಕೊಳ್ಳುವವನು ಮಾಲನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಕ್ಕೆ ಆಮೇಲೆ ಗುಣಮಟ್ಟದ ತಕರಾರು ಎತ್ತುವಂತಿಲ್ಲ. ಅಂದರೆ ಭಾವಮೈದ ನಾಲ್ಕು ಸಲ ಬಾಗಿಲು ಬಡಿದದ್ದು ಕಾನೂನಿನ ಪ್ರಕಾರ ನಿಮಗೇ ಮುಳುವಾಗಬಹುದು.

ಇಷ್ಟೆಲ್ಲ ತಿಳಿದುಕೊಂಡು ನೀವು ಒಂದು ಭಾನುವಾರ ಡಾಂಗಲ್ ಜೇಬಿನಲ್ಲಿಟ್ಟುಕೊಂಡು ಹೋಗುತ್ತೀರಿ ಎನ್ನೋಣ. ಇಂಜಿನ್ ಆಫ್ ಮಾಡಿಸುತ್ತೀರಿ, ದೀಪ ಎಣಿಸುತ್ತೀರಿ, ಸಾಕೆಟ್ಟಿಗೆ ಚುಚ್ಚುತ್ತೀರಿ. ಕೋಡುಗಳು ಒಂದರ ಹಿಂದೊಂದು ಮೆರವಣಿಗೆ ಹೊರಡುತ್ತವೆ. ನೀವು ಮೊಬೈಲನ್ನು ಬ್ರೋಕರಿನ ಮುಖಕ್ಕೆ ಹಿಡಿಯುತ್ತೀರಿ. ಅವನು ನಾಚುವುದಿಲ್ಲ, ಜಗಳಕ್ಕೂ ನಿಲ್ಲುವುದಿಲ್ಲ. ಕನ್ನಡಕ ಮೇಲೇರಿಸಿ, ಸ್ಕ್ರೀನಿನ ಕೆಳಗೆ ಮೂಲೆಯಲ್ಲಿರುವ ಬಟನ್ನಿನ ಮೇಲೆ ಬೆರಳಿಟ್ಟು ಕೇಳುತ್ತಾನೆ: ‘ಕ್ಲಿಯರ್ ಅಂತಾನೂ ಇದ್ಯಲ್ಲ ಸಾರ್! ಯಾವ ಆ್ಯಪ್ ಇದು? ನಮ್ ಹುಡುಗ ಪ್ರತೀ ಸಲಕ್ಕೂ ಐನೂರು ಕೀಳ್ತಾನೆ. ನಿಮಗೆ ಗಾಡಿ ಬೇಡ ಅಂದ್ರೆ ಹೋಗ್ಲಿ ಬಿಡಿ, ಒಂದ್ಸಲ ಒತ್ತಿ ಕೊಟ್ಟೋಗಿ. ನಾಲ್ಕು ಗಂಟೆಗೆ ಮಂಡ್ಯದಿಂದ ಪಾರ್ಟಿ ಬರ್ತಾ ಇದೆ.’