ದ್ರಾಕ್ಷಾರಸಿಕ

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗವನ್ನು ನಲವತ್ತರ ಆಸುಪಾಸಿನಲ್ಲಿ ತ್ಯಜಿಸಿ, ನಂದಿಬೆಟ್ಟದ ತಪ್ಪಲಿನಲ್ಲಿ ನಾಲ್ಕೆಂಟು ಎಕರೆ ಕೊಂಡು, ಉತ್ಕೃಷ್ಟ ವೈನ್ ತಯಾರಿಕೆಗೆ ತೊಡಗುವ ಗೃಹಸ್ಥನನ್ನು ವಾನಪ್ರಸ್ಥಾಶ್ರಮದ ಆಧುನಿಕ ಪ್ರಭೇದವೆಂದು ಪರಿಗಣಿಸಬಹುದು. ಹಿಂದಿನವರು ನಾರುಮಡಿಯುಟ್ಟು ಕಾಡಿಗೆ ಹೋದರೆ ಈತ ಹಳೆಯ ಕಂಪನಿಯ ಹೆಸರಿರುವ ಟೀ ಶರ್ಟ್ ತೊಟ್ಟು ಹೋಗುತ್ತಾನೆ, ಮತ್ತು ಪತ್ನಿಯನ್ನು ನೌಕರಿಯಲ್ಲಿಯೇ ಬಿಟ್ಟು ಹೋಗುತ್ತಾನೆ, ಏಕೆಂದರೆ 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿಗಳ ಬೆಲೆಯನ್ನು ಯಾರಾದರೂ ತೆರಬೇಕಷ್ಟೆ. ತನ್ನ ಪೂರ್ವಸೂರಿಗಳೆಂದು ಆತ ಒರಾಕಲ್ ಬಿಟ್ಟು ನಾಸಿಕ್‌ನಲ್ಲಿ ಸುಲಾ ಕಟ್ಟಿದ ರಾಜೀವ್ ಸಾಮಂತರನ್ನೂ, 1959ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಬೆಟ್ಟಗಳಲ್ಲಿ ಹಳೆಯ ತೋಟವೊಂದನ್ನು ಕೊಂಡು ರಿಡ್ಜ್ ವೈನರಿಗೆ ತಳಹದಿ ಹಾಕಿದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳನ್ನೂ ಸ್ಮರಿಸುತ್ತಾನೆ. ಆ ವಿಜ್ಞಾನಿಗಳು ಆರಂಭದ ವರ್ಷಗಳಲ್ಲಿ ವಾರಾಂತ್ಯಕ್ಕೆ ಮಾತ್ರ ತೋಟಕ್ಕೆ ಹೋಗುತ್ತಿದ್ದರೆಂಬ ಅಂಶ ಈ ಸ್ಮರಣೆಯಲ್ಲಿ ಲುಪ್ತವಾಗಿರುತ್ತದೆ.

ಮಣ್ಣು, ಇಳಿಜಾರು, ಗಾಳಿ, ಬಿಸಿಲುಗಳು ಕೂಡಿ ಹಣ್ಣಿಗೆ ಕೊಡುವ ವಿಶಿಷ್ಟ ಗುಣಕ್ಕೆ ಫ್ರೆಂಚರು ಟೆರ್ವಾ ಎನ್ನುತ್ತಾರೆ. ಈ ಪದದ ಮೇಲೆ ಆತ ಅರ್ಧ ಗಂಟೆ ಮಾತನಾಡಬಲ್ಲ. ಪಕ್ಕದ ಹೊಲದ ರೈತ ಅದನ್ನೇ ಭೂಮಿ ಗುಣವೆಂದು ಮುಗಿಸಿ, ಅದೇ ಭೂಮಿಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆದು ಮನೆಗೆ ಮಹಡಿ ಏರಿಸಿರುತ್ತಾನೆ. ಅಮೆರಿಕದ ಲಾಬ್ರುಸ್ಕಾ ವಂಶದ ಆ ನೀಲಿ ದ್ರಾಕ್ಷಿಯನ್ನು ಯೂರೋಪಿನ ವಿನಿಫೆರಾ ವಂಶದ ಕ್ಯಾಬರ್ನೆ, ಶಿರಾಜ್‌ಗಳ ಸಾಲಿನಲ್ಲಿ ಕೂರಿಸಲು ಈತ ಒಪ್ಪುವುದಿಲ್ಲ. ಜಾತಿಯಲ್ಲಿ ನಂಬಿಕೆಯಿಲ್ಲದವನ ಪಂಕ್ತಿಭೇದವೆಲ್ಲ ದ್ರಾಕ್ಷಿಯ ವಿಷಯದಲ್ಲಿ ಹೊರಬರುತ್ತದೆ.

ಯೂರೋಪಿನ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ಇಲ್ಲಿನ ಬೆಚ್ಚನೆಯ ಹವೆಯಲ್ಲಿ ಅದಕ್ಕೆ ನಿದ್ರೆಯೇ ಇಲ್ಲವಾದ್ದರಿಂದ, ಬೇಸಿಗೆಯಲ್ಲಿ ಕಡ್ಡಿಗಾಗಿಯೂ ಮಳೆಗಾಲದ ಕೊನೆಗೆ ಹಣ್ಣಿಗಾಗಿಯೂ ವರ್ಷಕ್ಕೆ ಎರಡು ಬಾರಿ ಸವರಬೇಕಾಗುತ್ತದೆ, ಇದನ್ನೇ ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುವುದು. ವಿಶ್ರಾಂತಿಯಿಲ್ಲವೆಂದು ನೌಕರಿ ಬಿಟ್ಟವನಿಗೆ ಇಂಥ ಬಳ್ಳಿಯೇ ಗಂಟುಬಿದ್ದದ್ದು ಋಣಾನುಬಂಧವಿರಬೇಕು. ಕೊಯ್ಲು ಸಮೀಪಿಸಿದಾಗ ಆತ ರಸದ ಹನಿಯೊಂದನ್ನು ಮಾಪಕಕ್ಕೆ ಹಾಕಿ, ಬಿಸಿಲಿಗೆ ಹಿಡಿದು ಬ್ರಿಕ್ಸ್ ನೋಡುತ್ತಾನೆ: ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆಯಿದೆಯೆಂಬ ಈ ಲೆಕ್ಕ 24ಕ್ಕೆ ಮುಟ್ಟಿದರೆ ಯೀಸ್ಟ್ ಅದನ್ನು ಸುಮಾರು ಶೇಕಡಾ 13ರ ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಗಿಳಿಗಳಿಗೆ ಇದು ಮಾಪಕವಿಲ್ಲದೆ ತಿಳಿದಿರುತ್ತದೆ, ಅದೂ ಎರಡು ದಿನ ಮೊದಲೇ. ನರಿಗೆ ಎಟುಕದ ದ್ರಾಕ್ಷಿ ಹುಳಿಯಾಗಿತ್ತು. ಈತನಿಗೆ ಎಟುಕಿದ ದ್ರಾಕ್ಷಿಯೂ ಹುಳಿಯೇ, ಆದರೆ ಆತ ಅದನ್ನು ಆಮ್ಲ ಸಮತೋಲನವೆಂದು ಕರೆದು ಅತಿಥಿಗಳಿಗೆ ಇನ್ನರ್ಧ ಲೋಟ ಬಡಿಸುತ್ತಾನೆ.

ಈ ವರ್ಗದಲ್ಲಿ ಮಲೆನಾಡಿನ ಅಡಿಕೆ ಮನೆತನದಿಂದ ಬಂದ ಉಪಪ್ರಭೇದವೊಂದಿದ್ದು, ಅದರ ಲಕ್ಷಣ ಬೋರ್ಡೋ ಎಂಬ ಶಬ್ದದ ಉಚ್ಚಾರಣೆಯಲ್ಲಿ ಗೋಚರಿಸುತ್ತದೆ. ಮಗನಿಗೆ ಅದು ವಿಮಾನವೇರಿ ದರ್ಶನ ಮಾಡಿಬಂದ ಫ್ರಾನ್ಸಿನ ಪುಣ್ಯಕ್ಷೇತ್ರ; ತಂದೆಗೆ ಅದು ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ನೀಲಿ ಔಷಧ. ವಾಸ್ತವದಲ್ಲಿ ಎರಡೂ ಒಂದೇ ಊರಿನವು: ಅಲ್ಲಿನ ದ್ರಾಕ್ಷಿಗೆ ತಗುಲಿದ ಬೂಜುತುಪ್ಪಟ ರೋಗಕ್ಕೆಂದು 1880ರ ದಶಕದಲ್ಲಿ ರೂಪುಗೊಂಡ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿಯೇ ಅಡಿಕೆ ತೋಟಕ್ಕೆ ತಂದಿದ್ದರು. ಹೀಗಾಗಿ ವೈನನ್ನು ಮೂಸಿಯೂ ನೋಡದ ತಂದೆ ಮಗನ ತೋಟಕ್ಕೆ ಬಂದಾಗ, ಪೀಪಾಯಿಗಳ ಕೋಣೆಯನ್ನು ಬಾಗಿಲಿನಿಂದಲೇ ನೋಡಿ, ಔಷಧದ ಡ್ರಮ್ಮಿನ ಬಳಿ ಮಾತ್ರ ಬಹಳ ಹೊತ್ತು ನಿಲ್ಲುತ್ತಾರೆ. ಸೊಂಟದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದು, ಅಲಗಿಗೆ ತಾಮ್ರದ ಕೆಂಪು ಕಟ್ಟಿರುವುದನ್ನು ತೋರಿಸಿ, ಸುಣ್ಣ ಸಾಲದೆಂದೂ ಇದನ್ನು ಹೊಡೆದರೆ ಎಲೆ ಸುಡುವುದೆಂದೂ ಹೇಳುತ್ತಾರೆ. ಮಗ ಬ್ರಿಕ್ಸ್ ಮಾಪಕವನ್ನು ಜೇಬಿಗಿಳಿಸಿ ಸುಣ್ಣ ತರಲು ಹೋಗುತ್ತಾನೆ.