ಶೇಕಡ 38ರ ಗಡಿವಿವಾದ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ. ಚಹಾದಂಗಡಿಯ ಬಾಕಿನ ಮೇಲೆ ಕಾಕಾ, ಪಕ್ಕದಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶ ಹಿಡಿದ ಹುಡುಗ. ಮೊಬೈಲಿನ ಗಾಜು ಒಡೆದಿದೆ. ಆದರೂ ಶೇಕಡ 38 ಎಂಬುದು ಮಾತ್ರ, ದುರ್ದೈವಕ್ಕೆ, ಸ್ಪಷ್ಟವಾಗಿ ಕಾಣುತ್ತಿದೆ.

“ಎಂಜಿನಿಯರಿಂಗ್ ಮಾಡಸೂಣು.”

“ವಿಜ್ಞಾನ, ಗಣಿತದಾಗ ಓಪನ್‌ದವರಿಗೆ 45, ಮೀಸಲಾತಿಯವರಿಗೂ 40 ಬೇಕ್ರೀ ಕಾಕಾ.”

“35ಕ್ಕ ಪಾಸ್ ಅಂತಾರಲ್ಲೋ?”

“ಪಾಸಾದವಗ ಸೀಟ ಸಿಗತೈತಿ ಅಂತ ಯಾರ್ ಹೇಳ್ಯಾರ?”

ಹತ್ತರ ತನಕ ಕನ್ನಡ ಶಾಲೆ, ಆಮೇಲೆ ಇಂಗ್ಲಿಷಿನಲ್ಲಿ ಭೌತಶಾಸ್ತ್ರ, ಮರಾಠಿಯಲ್ಲಿ ಬೈಗುಳ. ಇಷ್ಟು ಬಂದದ್ದೇ ದೊಡ್ಡದು.

“ಬಿ.ಎ. ಮಾಡು. ಕೊಲ್ಹಾಪುರದ ಶಿವಾಜಿ ವಿದ್ಯಾಪೀಠ 1962ರಿಂದ ಐತಿ.”

“ಮರಾಠಿ ಮಾತಾಡ್ತೀನ್ರಿ, ಪರೀಕ್ಷೆ ಬರಿ ಅಂದ್ರ ಕೈ ನಡಗತೈತಿ.”

“ವಿಜಯಪುರ?”

“ಮಹಾರಾಷ್ಟ್ರದ ಜಾತಿ ಸರ್ಟಿಫಿಕೇಟಿಗೆ ಅಲ್ಲಿ ಮೀಸಲಾತಿ ಇಲ್ರಿ.”

ಕಾಕಾ ಬಸಿಗೆ ಚಹಾ ಸುರಿದುಕೊಂಡು ಸೊರ್ರನೆ ಹೀರಿದರು. “2022ರಾಗ ಕರ್ನಾಟಕದ ಬೊಮ್ಮಾಯಿ ಜತ್ತ ಬೇಕಂದ್ರು, ಮಹಾರಾಷ್ಟ್ರದ ಫಡಣವೀಸ ಒಂದ್ ಹಳ್ಳೀನೂ ಬಿಡೂದಿಲ್ಲಂದ್ರು. ಎರಡೂ ಸರಕಾರಕ್ಕ ಬೇಕಾದವ ನೀ!”

“ಊರು ಬೇಕಂದಾರ್ರೀ. ನನ್ನ ಮಾರ್ಕ್ಸ್ ಕಾರ್ಡ್ ಯಾರೂ ಕೇಳಿಲ್ಲ.”

“ನಾಸಿಕದ ಮುಕ್ತ ವಿದ್ಯಾಪೀಠ?”

“ಅಲ್ಲಿ ಹನ್ನೆರಡನೇತ್ತ ಪಾಸಾಗಿದ್ರ ಸಾಕು.”

“ಮೊದಲ ಹೇಳಬಾರದೇನೋ! ಮನ್ಯಾಗ ಕುಂತ ಓದೂದು, ಬಸ್ಸಿನ ಖರ್ಚೂ ಇಲ್ಲ,” ಎಂದ ಕಾಕಾ, ಇನ್ನೆರಡು ಚಹಾ ಹೇಳಿದರು.